ಉಪದೇಶಿಯ ಕಣ್ಣೀರು

ಹೋದ ವಾರ ದೊಡ್ಡಗಾಜನೂರಿನಲ್ಲಿ ನಾದಿನಿಯ ಮನೆಗೆ ಹೋಗಿದ್ದೆ. ಅವಳು ಬಿತ್ತನೆ ರಾಗಿಯ ಡಬ್ಬ ತೆಗೆದಳು, ಲಕ್ಕಿ ಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಹುಳ ಬೀಳದಿರಲಿ ಅಂತ ನಮ್ಮ ಕಡೆ ಆ ಸೊಪ್ಪನ್ನು ಒಣಗಿಸಿ ಕಾಳಿನ ನಡುವೆ ಹಾಕುತ್ತಾರೆ. ಬೇರೆಯವರಿಗೆ ಅದು ಸುಗ್ಗಿಯ ವಾಸನೆಯೋ ಏನೋ, ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

"ಯಾಕತ್ಗೆ, ಮೊಕ ಇಂಗ್ ಮಾಡ್ಕಂಡ್ರಿ?" ಅಂದಳು ನಾದಿನಿ.

ಏನಿಲ್ಲ ಅಂದೆ. ನಮ್ಮೂರಿನ ಉಪದೇಶಿ ನೆನಪಾಗಿದ್ದರು. ಅವರಿಗೆ ಬಹುವಚನ ಕೊಡಲು ನನಗೇನೂ ಮನಸ್ಸಿಲ್ಲ. ಅವ್ವ ಸಾಯುವ ತನಕ ಕೊಟ್ಟಳು, ಅದಕ್ಕೇ ನಾನೂ ಕೊಡುತ್ತೇನೆ.

ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಕೆಲವೇ ಕೆಲವು. ಫಾದರ್ ತಿಂಗಳಿಗೊಮ್ಮೆ ಘಾಟಿ ಹತ್ತಿ ಬರುತ್ತಿದ್ದರು, ಅವರಿಗೆ ತಮಿಳು ಬಿಟ್ಟು ಬೇರೆ ಬಾರದು. ಉಳಿದ ದಿನಗಳಲ್ಲಿ ಚರ್ಚು ಉಪದೇಶಿಯವರದೇ. ಪ್ರಾರ್ಥನೆ ನಡೆಸುವವರು ಅವರು, ಮಕ್ಕಳಿಗೆ ಜಪ ಕಲಿಸುವವರು ಅವರು, ಫಾದರ್ ಪ್ರಸಂಗವನ್ನು ಕನ್ನಡದಲ್ಲಿ ಹೇಳುವವರೂ ಅವರೇ. ಹಾಗಾಗಿ ಅವರು ಹೇಳಿದ್ದೇ ನಮಗೆ ದೇವರ ಮಾತು.

ಮತ್ತೆ ಅವರು ಅಳುತ್ತಿದ್ದರು. "ಕರ್ತನೇ, ನಾನು ಪಾಪಿ" ಅಂತ ಎದೆಗೆ ಗುದ್ದಿಕೊಂಡು ಶುರು ಮಾಡಿದರೆಂದರೆ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ನಾಟಕವೇನಲ್ಲ, ಅವರ ಅಂಗಿಯ ಮುಂಭಾಗ ಒದ್ದೆಯಾಗಿದ್ದನ್ನು ನಾನೇ ನೋಡಿದ್ದೇನೆ. ಜಪದ ಪಾಠದಲ್ಲಿ ಇಬ್ಬರು ಹುಡುಗರು ಹೊಡೆದಾಡಿಕೊಂಡರೆ ಅವರು ಪ್ರಾರ್ಥನೆ ಶುರು ಮಾಡುತ್ತಲೇ ಇರಲಿಲ್ಲ. "ಮೊದ್ಲು ಅವ್ನತ್ರ ತಪ್ಪಾಯ್ತು ಅನ್ಲಾ, ಆಮೇಲ್ ದೇವ್ರತ್ರ" ಅನ್ನುತ್ತಿದ್ದರು. ಎಷ್ಟು ಚೆಂದದ ಮಾತು!

ಚರ್ಚಿನ ಕಸ ಗುಡಿಸುವ ಕೆಲಸ ನನ್ನ ಅವ್ವನದು. ಕೂಲಿಗಲ್ಲ, ಭಕ್ತಿಗೆ. ಅಲ್ಲಿದ್ದ ಮಾತೆ ಮರಿಯಮ್ಮನ ಮೂರ್ತಿಗೆ ಯಾರೋ ಹರಕೆ ಹೊತ್ತು ಕೊಟ್ಟ ಹಸಿರು ರೇಷ್ಮೆ ಸೀರೆಯೊಂದಿತ್ತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂದರೆ ಸೀರೆ ತೆಗೆದು ಮಡಿಸಿ ಹಿಂದಿನ ಕೋಣೆಯಲ್ಲಿಟ್ಟು, ಮೂರ್ತಿಗೆ ನೇರಳೆ ಬಟ್ಟೆ ಮುಚ್ಚುತ್ತಿದ್ದರು. ಅದೇ ಕೋಣೆಯಲ್ಲಿ ಒಂದು ಉದ್ದನೆಯ ಮರದ ಪೆಟ್ಟಿಗೆ, ಅದರೊಳಗೆ ಸತ್ತ ಯೇಸುವಿನ ಮರದ ಮೂರ್ತಿ. ಶುಭ ಶುಕ್ರವಾರ ಹೊರಗೆ ತೆಗೆದು, ಎಲ್ಲರೂ ಪಾದಕ್ಕೆ ಮುತ್ತಿಟ್ಟ ಮೇಲೆ ಲಕ್ಕಿ ಸೊಪ್ಪು ಹಾಸಿ ಮತ್ತೆ ಮಲಗಿಸುತ್ತಿದ್ದರು. ಮುಂದಿನ ಶುಭ ಶುಕ್ರವಾರದ ತನಕ ಅದನ್ನು ಯಾರೂ ತೆಗೆಯುವಂತಿಲ್ಲ. ನಮ್ಮೂರಿಗೆ ಅದೇ ಕರ್ತನ ಸಮಾಧಿ.

ಆ ವರ್ಷ ಈಸ್ಟರ್ ದಿನ ಮಾತೆಗೆ ಉಡಿಸಲು ನೋಡಿದರೆ ಸೀರೆ ಇಲ್ಲ. ಉಪದೇಶಿ ಎಲ್ಲರ ಮುಂದೆ ನಿಂತು, "ಕಸ ಗುಡ್ಸೋರ್ ಬುಟ್ರೆ ಆ ರೂಮ್‌ಗೆ ಇನ್ಯಾರ್ ಓಗ್ತಾರೆ?" ಅಂದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲ ಕಡೆ ಹುಡುಕಿ, ಆ ಪೆಟ್ಟಿಗೆಯನ್ನೂ ತೆಗೆದು ನೋಡಿ ಅಂತ ಅವ್ವ ಗೋಗರೆದಳು.

"ಕರ್ತನ ಸಮಾಧಿ ತಗಿಯಕ್ಕಾದದಾ? ಪಾಪ ಕಣವ್ವ!"

ಪೊರಕೆಯನ್ನು ಬೇರೆಯವಳ ಕೈಗೆ ಕೊಟ್ಟರು. ಆಮೇಲೆ ಅವ್ವ ಬೀದಿಯಲ್ಲಿ ಬರುವುದು ಕಂಡರೆ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಒಂದಿಡೀ ವರ್ಷ! ಅವ್ವ ತಲೆ ತಗ್ಗಿಸಿ ನಡೆಯುವುದನ್ನು ಕಲಿತಳು.

ಮುಂದಿನ ಶುಭ ಶುಕ್ರವಾರ ಪೆಟ್ಟಿಗೆ ತೆಗೆಯುವಾಗ ಉಪದೇಶಿಯವರ ಜೊತೆ ಕೈ ಹಾಕಿದ್ದು ನನ್ನ ಸೋದರಮಾವ. ಮೂರ್ತಿಯ ತಲೆಯಡಿ ಹಸಿರು ಸೀರೆ ಮಡಿಸಿದ ಹಾಗೇ ಇತ್ತಂತೆ. ಉಪದೇಶಿ ಅಲ್ಲೇ ಕುಸಿದು ಕೂತರಂತೆ. ಹಿಂದಿನ ವರ್ಷ ಅಳುತ್ತ ಅಳುತ್ತ, ಕಣ್ಣು ಕಾಣದೆ, ಕೈಗೆ ಸಿಕ್ಕಿದ ಬಟ್ಟೆಯನ್ನು ದಿಂಬಿನ ಹಾಗೆ ಇಟ್ಟಿದ್ದು ಅವರೇ. ಅವರೇ ಮಾವನಿಗೆ ಹಾಗಂದರು. ಆಮೇಲೆ, "ಬಾಯ್ ಬುಡ್ಬ್ಯಾಡ ಕಣ್ಲಾ, ಇವತ್ತು ಕರ್ತ ಸತ್ತ ದಿನ" ಅಂದರು.

ಆವತ್ತು ಸಂಜೆ ಅವರು ಅತ್ತಷ್ಟು ಯಾವತ್ತೂ ಅತ್ತಿರಲಿಲ್ಲ. ಇಡೀ ಚರ್ಚು ಅತ್ತಿತು. ಮಾವ ಆಗಲೇ ಮನೆಗೆ ಬಂದು ಹೇಳಿದ್ದರಿಂದ ಅವ್ವ ಮಾತ್ರ ಹಿಂದೆ ಮೊಣಕಾಲೂರಿ ಅವರ ಬಾಯನ್ನೇ ನೋಡುತ್ತಿದ್ದಳು. ನಾನು ಪಾಪಿ, ನಾನು ಪಾಪಿ... ಅಯ್ಯಾ, ಯಾವ ಪಾಪ ಅಂತ ಹೇಳಬಾರದಾ! ಹೇಳಲಿಲ್ಲ. ಈಸ್ಟರ್ ದಿನ ಸೀರೆ ಮಾತೆಯ ಮೈಮೇಲಿತ್ತು. "ತಾಯಿ ಸೀರೆ ವಾಪಸ್ ಬಂದದೆ, ದೇವ್ರಿಗೆ ಸ್ತೋತ್ರ" ಅಂದರು, ಅಷ್ಟೇ. ಬಂದದೆಯಂತೆ! ಕಾಲಿತ್ತಾ ಅದಕ್ಕೆ? ಕದ್ದವಳು ಹೆದರಿ ತಂದಿಟ್ಟಿದ್ದಾಳೆ ಅಂತ ಊರು ತೀರ್ಮಾನ ಮಾಡಿತು. ಮಾವ ಕೂಗಾಡಿದ್ದಕ್ಕೆ, "ಅಕ್ಕನ್ ಮಾನ ಉಳ್ಸಕ್ಕೆ ನೀನೇ ಇಟ್ಟಿರ್ತೀಯ ಬುಡು" ಅಂತ ಊರವರು ನಕ್ಕರು.

ಅವ್ವ ಒಂದೇ ಒಂದು ಸಲ ಕೇಳಿದಳು. ಚರ್ಚಿನ ಬಾಗಿಲಲ್ಲಿ, ನಾನು ಪಕ್ಕದಲ್ಲೇ ಇದ್ದೆ.

"ಉಪದೇಸಿಗಳೇ, ಜನುಕ್ಕೆ ಒಂದ್ ಮಾತ್ ಏಳ್ಬುಡಿ."

"ಫಾದ್ರತ್ರ ಪಾಪನಿವೇದನೆ ಮಾಡ್ಬುಟ್ಟಿವ್ನಿ ಕಣವ್ವ. ದೇವ್ರು ಕ್ಷಮಿಸವ್ನೆ. ಅಲ್ಗೇ ಮುಗೀತು."

"ಕಳ್ಳಿ ಅನ್ಸ್ಕಂಡಿದ್ದು ದೇವ್ರಾ? ನಾನಲ್ವಾ?"

ಅವರ ಕಣ್ಣು ತುಂಬಿತು. ಥೂ, ಅದೊಂದು ಅವರಿಗೆ ಸುಲಭ. ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಆಮೇಲೆ ಅಳುವ ಸರದಿ ಅವ್ವನದಾಯಿತು. ದಿನಾ ಸಂಜೆ ಮನೆಯಲ್ಲಿ ಜಪಸರ ಹಿಡಿದು ಕೂತು ಬಿಕ್ಕುತ್ತಿದ್ದಳು. ನೀನ್ಯಾಕವ್ವ ಅಳ್ತೀಯ ಅಂತ ರೇಗಿದೆ. "ಅವ್ರ್ ಮ್ಯಾಲೆ ಸಿಟ್ಟು ಓಯ್ತಾ ಇಲ್ಲ ಕಣ್ ಮಗ. ಅದುನ್ನ ಕ್ಷಮಿಸು ಅಂತ ಕೇಳ್ಕತಾ ಇವ್ನಿ" ಅಂದಳು. ತಪ್ಪು ಮಾಡಿದವರು ಯಾರು, ಕ್ಷಮೆ ಕೇಳಿದವಳು ಯಾರು ನೋಡಿ. ಕೊನೆಯ ದಿನಗಳಲ್ಲಿ ಉಸಿರಿಗೆ ಒದ್ದಾಡುತ್ತಲೂ ಅದನ್ನೇ ಕೇಳಿಕೊಂಡಳು...

ಈ ವರ್ಷ ತಪಸ್ಸುಕಾಲಕ್ಕೆ ಮುಂಚೆ ಉಪದೇಶಿ ಹೋದರು. ಸುದ್ದಿ ಕೇಳಿ ನಾನು ಗಳಗಳ ಅತ್ತೆ. ನನ್ನ ಗಂಡನಿಗೆ ಆಶ್ಚರ್ಯ. ಪ್ರೀತಿಗೆ ಅತ್ತಿದ್ದಲ್ಲ. ಊರು ನಂಬುವ ಬಾಯಿ ಅದೊಂದೇ ಇತ್ತು, ಅದೂ ಮುಚ್ಚಿಹೋಯಿತು ಅಂತ ಅತ್ತಿದ್ದು.

ಅವರ ನೆನಪಿನ ಪ್ರಾರ್ಥನೆಗೆ ಹೋದೆ. ಅಂಥ ಪಶ್ಚಾತ್ತಾಪದ ಮನುಷ್ಯ ಇನ್ನೆಲ್ಲಿ ಸಿಗುತ್ತಾನೆ ಅಂತ ಒಬ್ಬೊಬ್ಬರೇ ಎದ್ದು ಹೊಗಳಿದರು. ನನಗೆ ತಡೆಯಲಾಗಲಿಲ್ಲ, ನಾನೂ ಎದ್ದೆ. ಪೆಟ್ಟಿಗೆ, ಸೀರೆ, ಬಾಗಿಲಲ್ಲಿ ಅವರು ಆಡಿದ ಮಾತು, ಎಲ್ಲ ಹೇಳಿದೆ. ನನ್ನ ಅವ್ವ ಕಳ್ಳಿ ಅಲ್ಲ ಅಂತ ಕೂಗಿಯೇ ಹೇಳಿದೆ.

ಅವ್ವನ ಪಕ್ಕ ಕೂರುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲೂ ನೀರು.

"ಸುಮ್ಕಿರು ಮಗ. ನಿಮ್ಮವ್ವ ಎತ್ಕಂಡಿದ್ದುನ್ನ ದೇವ್ರು ಯಾವಾಗ್ಲೋ ಕ್ಷಮಿಸ್ಬುಟ್ಟವ್ನೆ" ಅಂದಳು.