ಯಾರ ಪೈಕಿ

ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ರಾಣೆಬೆನ್ನೂರಿನಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಅಂಗಡಿ ಹಿಡಿದೆ. ತೂಕದ ಯಂತ್ರಗಳ ರಿಪೇರಿ ನನ್ನ ಕೆಲಸ. ನಮ್ಮ ಕಡೆ ಅದಕ್ಕೆ ಕಾಟಾ ಎನ್ನುತ್ತಾರೆ. ಕಿರಾಣಿ ಅಂಗಡಿಯ ಮೇಜಿನ ಮೇಲಿರುವುದೂ ಕಾಟಾ, ಲಾರಿ ಹತ್ತಿ ನಿಲ್ಲುವುದೂ ಕಾಟಾ. ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಅದನ್ನೇ ಮಾಡಿದ್ದರಿಂದ ಕೈಗೆ ಕೆಲಸ ಗೊತ್ತಿತ್ತು. ಸರ್ಕಾರದ ಲೈಸೆನ್ಸೂ ಸಿಕ್ಕಿತು. ಸಿಗದೇ ಇದ್ದದ್ದು ಗಿರಾಕಿಗಳು. ಕಾರ್ಖಾನೆಯಲ್ಲಿ ಕೆಟ್ಟ ಕಾಟಾ ತಾನೇ ನನ್ನ ಹತ್ತಿರ ಬರುತ್ತಿತ್ತು. ಹೊರಗೆ ಬಂದು ನೋಡಿದರೆ ಫೋನಿನಲ್ಲಿದ್ದ ನಂಬರುಗಳೆಲ್ಲ ಜೊತೆಗೆ ಕೆಲಸ ಮಾಡಿದವರವು. ಅವರ ಮನೆಗಳಲ್ಲಿ ಕಾಟಾ ಇರಲಿಲ್ಲ.

ಮನೆಯಲ್ಲಿ ಒಂದು ಮಾತಾಗಿತ್ತು. ಮೆಣಸಿನಕಾಯಿ ಸುಗ್ಗಿ ಮುಗಿಯುವುದರೊಳಗೆ ಅಂಗಡಿ ತನ್ನ ಬಾಡಿಗೆಯನ್ನು ತಾನೇ ದುಡಿಯಬೇಕು. ಇಲ್ಲದಿದ್ದರೆ ಬಾಗಿಲು ಹಾಕಿ, ಹೆಂಡತಿಯ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಕುಳಿತುಕೊಳ್ಳಬೇಕು. ಅವನು ಒಳ್ಳೆಯವನೇ. "ಮಾವಾರ, ನಿಮಗಂತನ ಹೊಸಾ ಖುರ್ಚಿ ತಂದೇನಿ. ಫ್ಯಾನಿನ ಕೆಳಗ ಹಾಕ್ಸೇನಿ" ಎಂದು ಆಗಲೇ ಹೇಳಿಟ್ಟಿದ್ದ. ಆ ಖುರ್ಚಿಯನ್ನು ನೆನೆಸಿಕೊಂಡಾಗಲೆಲ್ಲ ನಾನು ಒಂದು ಬಸ್ಸು ಮುಂಚಿತವಾಗಿ ಹೊರಡುತ್ತಿದ್ದೆ.

ಮೊದಲು ಹಾವೇರಿಗೆ ಹೋದೆ. ಕಾರ್ಡು ಮಾಡಿಸಿದ್ದೆ. ಅಂಗಡಿಯವರು ಅದನ್ನು ಓದಿ, ಹಿಂದೆ ತಿರುಗಿಸಿ, ಅಲ್ಲಿ ಏನೂ ಇಲ್ಲದ್ದನ್ನು ನೋಡಿ, ಗಲ್ಲಾದ ಮೇಲಿನ ಲಗ್ನಪತ್ರಿಕೆಗಳ ನಡುವೆ ಸಿಕ್ಕಿಸುತ್ತಿದ್ದರು. ಆಮೇಲೆ ಕೇಳುವುದು ಒಂದೇ ಪ್ರಶ್ನೆ: "ನೀವು ಯಾರ ಪೈಕಿರಿ?"

ಯಾರ ಕಡೆಯವರು, ಯಾರ ಸಂಬಂಧ, ಯಾರನ್ನು ಕೇಳಿದರೆ ನಿಮ್ಮ ವಿಷಯ ಗೊತ್ತಾಗುತ್ತದೆ, ಎಲ್ಲವೂ ಆ ಒಂದು ಮಾತಿನಲ್ಲಿದೆ. ನಾನು ಕೆಲಸ ಕೇಳಲು ಬಂದವನು, ಹೆಣ್ಣು ಕೇಳಲು ಅಲ್ಲ ಎಂದುಕೊಂಡು, "ಯಾರ ಪೈಕಿನೂ ಅಲ್ರಿ" ಎನ್ನುತ್ತಿದ್ದೆ. "ಆತ್ರಿ, ಹೇಳ್ತೇವಿ" ಎನ್ನುತ್ತಿದ್ದರು. ಯಾರೂ ಹೇಳಲಿಲ್ಲ.

ಬ್ಯಾಡಗಿಗೆ ಹೋಗುವಾಗ ತೂಕ ಪರೀಕ್ಷಿಸುವ ಕಬ್ಬಿಣದ ಬಟ್ಟುಗಳನ್ನು ಚೀಲದಲ್ಲಿ ಒಯ್ದೆ. ಕಂಡಕ್ಟರ್ ಕಾಲಿನಿಂದ ಸರಿಸಲು ನೋಡಿದ, ಚೀಲ ಅಲುಗಲಿಲ್ಲ.

"ಏನ್ ತುಂಬೀರಿ ಇದರಾಗ, ಬಂಗಾರೇನು?"

"ಕಬ್ಬಿಣ ಅದ."

"ಬಂಗಾರ ಇದ್ರ ಸುಮ್ಮನ ಬಿಡ್ತಿದ್ದೆ. ಕಬ್ಬಿಣಕ್ಕ ಲಗೇಜ್ ಟಿಕೆಟ್ ಆಗತೈತಿ ನೋಡ್ರಿ."

ಮಾರುಕಟ್ಟೆಯ ಗೇಟು ದಾಟುವುದರೊಳಗೆ ಮೂಗು ಸೋರುತ್ತಿತ್ತು. ಅಲ್ಲಿಯವರಿಗೆ ಮೆಣಸಿನಕಾಯಿಯ ಘಾಟು ತಟ್ಟುವುದಿಲ್ಲ, ಸೀನುವವನು ಹೊರಗಿನವನು. ಕರವಸ್ತ್ರವನ್ನು ಹಸಿ ಮಾಡಿ ಮೂಗಿಗೆ ಕಟ್ಟಿಕೊಂಡು, ಮೊದಲ ದಲಾಲಿ ಅಂಗಡಿಯ ಮುಂದೆ ನಿಂತು, "ನಿಮ್ಮ ಕಾಟಾ ಒಂದೀಟು ನೋಡ್ಲೇನ್ರಿ?" ಎಂದೆ.

ಅಂಗಡಿಯವರು ಎದ್ದು ನಿಂತರು. "ಬರ್ರಿ ಸಾಹೇಬ್ರ, ಕುಂದರ್ರಿ. ಯಾರ ಪೈಕಿ ನೀವು?"

"ಯಾರ ಪೈಕಿನೂ ಅಲ್ರಿ."

ಅವರ ಮುಖ ಇನ್ನಷ್ಟು ಗಂಭೀರವಾಯಿತು. ಚಹಾ ಬಂತು, ಅದರ ಹಿಂದೆ ಬಿಸ್ಕಿಟ್ ಬಂತು. "ನಮ್ಮದೆಲ್ಲಾ ಬರೋಬರಿ ಐತ್ರಿ. ಮೊನ್ನೆನ ಸರ್ಕಾರದ ಮುದ್ರಿ ಹಾಕಿಸೇವಿ" ಎಂದರು. ಎರಡನೆಯ ಅಂಗಡಿಯಲ್ಲೂ ಹಾಗೆಯೇ. ಮೂರನೆಯದಕ್ಕೆ ನಾನು ಹೋಗುವುದರೊಳಗೆ ಕಾಟಾದ ಮೇಲೆ ಚೀಲಗಳನ್ನು ಒಟ್ಟಿ ಮುಚ್ಚಿದ್ದರು. ಹೊಟ್ಟೆ ತುಂಬ ಚಹಾ ಕುಡಿದು, ಒಂದೂ ಕೆಲಸವಿಲ್ಲದೆ, ಯಾರ್ಡಿನ ಮೂಲೆಯ ಚಹಾದಂಗಡಿಯ ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆ.

"ಇವತ್ತು ಯಾರ ಮ್ಯಾಲೆ ಕೇಸ್ ಹಾಕಿದ್ರಿ?" ಎಂದ ಚಹಾದಂಗಡಿಯವ.

ಆಗ ತಿಳಿಯಿತು. ಯಾರ ಪೈಕಿಯೂ ಅಲ್ಲದೆ ಬಂದು ಕಾಟಾ ನೋಡುತ್ತೇನೆ ಎನ್ನುವವನು ತೂಕದ ಇಲಾಖೆಯ ಇನ್‌ಸ್ಪೆಕ್ಟರ್ ಅಲ್ಲದೆ ಇನ್ನಾರು? ನಾನು ರಿಪೇರಿಯವನು ಎಂದೆ. ಅವನು ನಂಬಲಿಲ್ಲ. ರೊಟ್ಟಿಯ ಜೊತೆಗಿದ್ದ ಶೇಂಗಾ ಚಟ್ನಿ ನೋಡಿ, "ಇದು ಹಲಗೇರಿ ಕಡೆ ಚಟ್ನಿ ಇದ್ಹಂಗ ಐತಲ್ಲ" ಎಂದ.

"ನಮ್ಮವ್ವನ ತವರುಮನಿ ಹಲಗೇರಿ. ಹೆಂಡತಿ ಆಕಿ ಕಡೆನ ಕಲ್ತಾಳ."

"ಅಯ್ಯ, ನನ್ನ ಸೊಸಿ ಹಲಗೇರಿಯಾಕಿ! ಬೀಗರಾದ್ರಿ ಬಿಡ್ರಿ. ಇದನ್ನ ಮೊದಲ ಹೇಳಾಕ ಏನಾಗಿತ್ತು?"

ಅಂದೇ ಮಧ್ಯಾಹ್ನ ಅವನು ನನ್ನನ್ನು ಮೊದಲ ಅಂಗಡಿಗೆ ವಾಪಸು ಕರೆದುಕೊಂಡು ಹೋದ. "ಸಾಹೇಬ್ರಲ್ಲ ಇವರು. ನಮ್ಮ ಬೀಗರು, ಹಲಗೇರಿ ಪೈಕಿ." ಅಂಗಡಿಯವರು ನಕ್ಕು, "ನಮ್ಮ ಬಿಸ್ಕಿಟ್ ದಂಡ ಆದ್ವಲ್ರಿ" ಎಂದು ಕಾಟಾ ತೋರಿಸಿದರು. ಗುಂಡಿಗಳ ಸಂದಿನಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ಬಿಚ್ಚಿ ಒರೆಸಿದೆ. ಹಲಗೆಯ ನಾಲ್ಕೂ ಮೂಲೆಗೆ ಒಂದೇ ಬಟ್ಟು ಇಟ್ಟು ನೋಡಿದೆ. ಎಲ್ಲಿ ಇಟ್ಟರೂ ಒಂದೇ ಅಂಕಿ ಬರಬೇಕು, ಬರುವಂತೆ ಮಾಡಿದೆ. ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ಅಣ್ಣಾರ, ಈಗ ನೀವು ನಮ್ಮ ಪೈಕಿ ಆದ್ರಿ. ಕಾಟಾನೂ ಒಂದೀಟು ನಮ್ಮ ಪೈಕಿ ಇರಲಿ."

ಅರ್ಥವಾಗದಿರುವಂಥದ್ದೇನೂ ಇರಲಿಲ್ಲ. ರೈತರ ಚೀಲಕ್ಕೆ ಒಂದಿಷ್ಟು ಕಡಿಮೆ ತೋರಿಸಬೇಕು. ಬೇಡ ಎಂದರೆ ಈ ಸಾಲಿನಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ ಎಂದೂ ತಿಳಿಯಿತು. ಫ್ಯಾನಿನ ಕೆಳಗಿನ ಖುರ್ಚಿ ನೆನಪಾಯಿತು.

"ನಾ ಬೇಕಾದ್ರ ನಿಮ್ಮ ಪೈಕಿ ಆಗ್ತೇನ್ರಿ. ಕಾಟಾ ಯಾರ ಪೈಕಿನೂ ಅಲ್ಲ" ಎಂದೆ. ಬಟ್ಟುಗಳನ್ನು ಚೀಲಕ್ಕೆ ತುಂಬಿದೆ. ಕೂಲಿ ಕೊಟ್ಟು ಒಳಗೆ ಹೋದರು.

ಚಹಾದಂಗಡಿಯವನಿಗೆ ಸಿಟ್ಟು ಬಂತು. "ಏನ್ರಿ ಬೀಗರ, ನಾ ಪೈಕಿ ಹಚ್ಚಿ ಕೊಟ್ರ ನೀವು ಕಿತ್ತಿ ಒಗದ್ರಲ್ರಿ!" ಅಂದಿನಿಂದ ಅವನು ಯಾರ್ಡಿನಲ್ಲಿ ನನ್ನ ಮಾತು ಬಂದಾಗಲೆಲ್ಲ ಹೀಗೆ ಹೇಳುತ್ತಿದ್ದನಂತೆ: "ಆ ಕಾಟಾದವನಾ? ಅಂವಾ ಯಾರ ಪೈಕಿನೂ ಅಲ್ಲ ಬಿಡ್ರಿ. ಬೀಗರ ಪೈಕಿನೂ ಅಲ್ಲ."

ಸುಗ್ಗಿ ಇಳಿಮುಖವಾಗಿತ್ತು. ಅಂಗಡಿಯಲ್ಲಿ ನೊಣ ಓಡಿಸುತ್ತ ಕುಳಿತಿದ್ದಾಗ ಹಾವೇರಿಯಿಂದ ಫೋನು ಬಂತು.

"ಯಾರ ಪೈಕಿನೂ ಅಲ್ಲದ ಕಾಟಾದವರು ನೀವೇನ್ರಿ?"

ಏಲಕ್ಕಿ ಹಾರ ಮಾಡುವ ಅಣ್ಣ ತಮ್ಮಂದಿರು. ವ್ಯಾಪಾರ ಪಾಲು ಮಾಡಿಕೊಂಡು ಬೇರೆ ಬೇರೆಯಾಗುತ್ತಿದ್ದರು. ಇದ್ದ ಏಲಕ್ಕಿ ಹಂಚಬೇಕು. ಅಣ್ಣನ ಕಾಟಾ ತಮ್ಮನಿಗೆ ಒಪ್ಪಿಗೆಯಿಲ್ಲ, ತಮ್ಮನದು ಅಣ್ಣನಿಗಿಲ್ಲ. ಊರಿನ ರಿಪೇರಿಯವರೆಲ್ಲ ಒಬ್ಬರಲ್ಲ ಒಬ್ಬರ ಪೈಕಿ. ಬ್ಯಾಡಗಿಯಲ್ಲಿ ಚಹಾ ಕುಡಿಯುವಾಗ ಯಾರೋ ನನ್ನ ಬಗ್ಗೆ ಆಡಿಕೊಂಡದ್ದನ್ನು ಅಣ್ಣ ಕೇಳಿಸಿಕೊಂಡಿದ್ದ.

ಎರಡೂ ಕಾಟಾಗಳನ್ನು ಇಬ್ಬರ ಎದುರಿಗೇ ಪರೀಕ್ಷಿಸಿದೆ. ಎರಡೂ ಸರಿಯಾಗಿದ್ದವು. ಅದರಿಂದ ಇಬ್ಬರಿಗೂ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಏಲಕ್ಕಿ ಹಂಚಿಕೆ ಮುಗಿದ ಮೇಲೆ ಅಣ್ಣ ನನ್ನನ್ನು ಹೊರಗೆ ಕರೆದು ತನ್ನ ಗುರುತಿನ ಅಂಗಡಿಗಳನ್ನು ಹೇಳಿದ. ನಾನು ಬೀದಿಯ ತುದಿ ತಲುಪುವುದರೊಳಗೆ ತಮ್ಮ ಬೈಕಿನಲ್ಲಿ ಬಂದು ತನ್ನ ಗುರುತಿನವರನ್ನು ಹೇಳಿದ. ಒಂದೇ ಮನೆಯಾಗಿದ್ದರೆ ಇಷ್ಟು ಹೆಸರು ಸಿಗುತ್ತಿರಲಿಲ್ಲ.

ಆಮೇಲೆ ಪಾಲಾಗುವ ಮನೆಗಳು, ಜಗಳವಾಡಿದ ಪಾಲುದಾರರು, ಕೊನೆಗೆ ಏನೂ ಜಗಳವಿಲ್ಲದವರೂ ಕರೆದರು. ಬ್ಯಾಡಗಿಯ ಆ ಮೊದಲ ಅಂಗಡಿಯವರು ಮಾತ್ರ ಇವತ್ತಿಗೂ ಕರೆದಿಲ್ಲ. ಚಹಾದಂಗಡಿಯವ ಈಗ ಮತ್ತೆ "ಬೀಗರ" ಎನ್ನುತ್ತಾನೆ, ಚಹಾದ ದುಡ್ಡು ಬಿಡುವುದಿಲ್ಲ.

ಸುಗ್ಗಿ ಮುಗಿದ ವಾರ ಹೆಂಡತಿಯ ತಮ್ಮ ಫೋನು ಮಾಡಿದ. "ಮಾವಾರ, ಖುರ್ಚಿ ಖಾಲಿ ಐತಿ. ಯಾವಾಗ ಬರ್ತೀರಿ?"

"ಖುರ್ಚಿ ಇಲ್ಲಿಗೇ ಕಳಸಪಾ. ಗಿರಾಕಿ ನಿಂತಕೊಂಡಾರ."

ಅವನು ಕೇಳಿದ, "ಫ್ಯಾನ್ ಬ್ಯಾಡೇನ್ರಿ?"