ಮಿಕ್ಕ ಬೆಲ್ಲ

ನಂಜನಗೂಡಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ, ಒಂದು ಚೀಲ ಕೂತಿದೆ. ಒಳಗೆ ಕಟ್ಟಿಟ್ಟದ್ದು ಒಂದೊಂದು ಕೆ.ಜಿ. ತೂಗುವ ಹದಿನೆಂಟು ಅಚ್ಚು ಬೆಲ್ಲ. ಬಾಯಿಗೆ ಬಿಗಿದ ಹುರಿಯ ಗಂಟನ್ನು ಹೋದ ಸೋಮವಾರದವರೆಗೆ, ಎರಡು ತಿಂಗಳು, ಯಾರೂ ಬಿಚ್ಚಿರಲಿಲ್ಲ. ಇರುವೆಗಳು ಮಾತ್ರ ವಾಸನೆ ಹಿಡಿದು ಬರುತ್ತವೆ. ಹೆಂಡತಿ ಚೀಲದ ಸುತ್ತ ಅರಿಶಿನದ ಗೆರೆ ಎಳೆಯುತ್ತಾಳೆ. ಇರುವೆಗಳು ಒಂದು ದಿನ ಆ ಗಡಿಗೆ ಮರ್ಯಾದೆ ಕೊಟ್ಟು, ಮರುದಿನ ಒತ್ತುವರಿ ಶುರು ಮಾಡುತ್ತವೆ. ಟಿ. ನರಸೀಪುರದ ಸರ್ವೆ ಕಚೇರಿಯಲ್ಲಿ ಕೂತು ಇಪ್ಪತ್ತೇಳು ವರ್ಷ ಜನರ ಜಮೀನು ಅಳೆದಿರುವ ನನಗೆ ಇದೇನೂ ಹೊಸದಲ್ಲ. ಹಬ್ಬಕ್ಕೆ ಹೋಳಿಗೆ ಮಾಡಬೇಕೆಂದರೆ ಹೆಂಡತಿ ಅಂಗಡಿಗೆ ಹೋಗಿ ಅರ್ಧ ಕೆ.ಜಿ. ಬೆಲ್ಲ ಕೊಂಡು ತರುತ್ತಾಳೆಯೇ ಹೊರತು ಈ ಚೀಲಕ್ಕೆ ಕೈ ಹಾಕುವುದಿಲ್ಲ. ಮನೆಯಲ್ಲಿ ಚೀಲಗಟ್ಟಲೆ ಬೆಲ್ಲ ಇಟ್ಟುಕೊಂಡು ಬೆಲ್ಲ ಕೊಳ್ಳುವ ಇವರಿಗೆ ತಲೆ ಕೆಟ್ಟಿದೆಯೇ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಮುಚ್ಚುಮರೆ ಏಕೆ, ಆ ಚೀಲದಲ್ಲಿ ಇರುವವನು ನಾನು.

ನನ್ನ ಬೆನ್ನಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ಮೂವತ್ತರ ಆಸುಪಾಸಿನಲ್ಲಿ ಶುರುವಾದ ಕಾಯಿಲೆ ಅದು. ಬೆನ್ನುಮೂಳೆಯ ಮಣಿಗಳು ತಾವು ಬಿಡಿಬಿಡಿಯಾಗಿರಬೇಕು ಎಂಬುದನ್ನೇ ಮರೆತು ಒಂದಕ್ಕೊಂದು ಬೆಸೆದುಕೊಳ್ಳುತ್ತ ಬರುತ್ತವೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದಾಗ ಅದು ಗಿಣ್ಣುಗಿಣ್ಣಾದ ಬಿದಿರಿನ ಗಳದ ಹಾಗೇ ಇತ್ತು. ಬೆಳಗ್ಗೆ ಹಾಸಿಗೆಯಿಂದ ಏಳಲು ನನಗೆ ಒಂದು ಗಂಟೆ ಬೇಕು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗದ ಕಾರಣ ಇಡೀ ದೇಹವನ್ನೇ ತಿರುಗಿಸಿ ನಿಲ್ಲುತ್ತೇನೆ, ಹಾಗಾಗಿ ಯಾರನ್ನೂ ಓರೆಗಣ್ಣಿನಲ್ಲಿ ನೋಡಿದ ಆಪಾದನೆ ನನ್ನ ಮೇಲಿಲ್ಲ. ಬಾಗಿದವನ ಕಣ್ಣು ಸದಾ ನೆಲದ ಮೇಲೇ ಇರುವುದರಿಂದ, ಹೊಲದಲ್ಲಿ ಹೂತುಹೋದ ಗಡಿಯ ಬಾಂದುಕಲ್ಲುಗಳು ಎಲ್ಲರಿಗಿಂತ ಮೊದಲು ನನಗೇ ಕಾಣುತ್ತಿದ್ದವು. ಹೀಗೆ ನಾನೂ ನೋವೂ ಹೊಂದಿಕೊಂಡು ಸಂಸಾರ ಮಾಡುತ್ತಿದ್ದೆವು.

ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದ ಮಾತು ಒಂದೇ: ತೂಕ ಇಳಿಸಿ, ಬೆನ್ನಿನ ಮೇಲಿನ ಭಾರ ಕಡಿಮೆಯಾಗಲಿ. ಹದಿನೈದು ವರ್ಷ ನನ್ನಿಂದ ಇಳಿಸಲಾಗಲಿಲ್ಲ. ಕಳೆದ ವರ್ಷ ಅದು ತಾನಾಗಿಯೇ ಇಳಿಯತೊಡಗಿತು. ಪ್ಯಾಂಟಿನ ಬೆಲ್ಟಿಗೆ ಒಂದು ತೂತು ಹೆಚ್ಚಿಗೆ ಹೊಡೆಸಿದೆ, ಆಮೇಲೆ ಇನ್ನೊಂದು. ಕಚೇರಿಯಲ್ಲಿ ಪಕ್ಕದ ಮೇಜಿನವನು, "ಏನ್ ಸಾ, ಸಖತ್ತಾಗಿ ಇಳ್ಸಿದ್ದೀರಲ್ಲ! ಯಾವ ಡಯಟ್ಟು?" ಎಂದು ಕೇಳಿದರೆ, ರಾತ್ರಿ ಮುದ್ದೆ ಬಿಟ್ಟೆ ಕಣಯ್ಯ, ಎಂದು ಬೀಗುತ್ತಾ ಸುಳ್ಳು ಹೇಳಿದೆ. ಇಳಿಸುವುದಕ್ಕೂ ಇಳಿಯುವುದಕ್ಕೂ ನಡುವೆ ಇರುವುದು ಒಂದು ಪುಟ್ಟ 'ಸು'. ಆ 'ಸು' ಇರುವವರೆಗೆ ಮನುಷ್ಯ ಯಜಮಾನ, ಅದು ಬಿದ್ದುಹೋದ ಮೇಲೆ ಅವನು ಬರೀ ಸಾಕ್ಷಿ. ನನ್ನದಲ್ಲದ ಆ ಅಕ್ಷರವನ್ನು ನಾಲ್ಕು ತಿಂಗಳು ನಾನು ಎದೆಯ ಮೇಲೆ ಪದಕದಂತೆ ತೊಟ್ಟು ತಿರುಗಿದೆ. ಒಂದು ದಿನ ಮುಡುಕುತೊರೆಯ ಹತ್ತಿರ ಗದ್ದೆಯೊಂದನ್ನು ಅಳೆಯಲು ಹೋದಾಗ, ಅದರ ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ ಸಾ, ಇಂಗೆ ಬಡವಾಗ್ಬುಟ್ರಿ?" ಎಂದ. ನಮ್ಮ ಕಡೆ ಸಣ್ಣಗಾಗುವುದಕ್ಕೆ ಬಡವಾಗುವುದು ಎನ್ನುತ್ತಾರೆ. ಇದ್ದದ್ದು ಕೈಬಿಟ್ಟು ಹೋಗಿದೆ ಎಂಬ ಅರ್ಥ ಆ ಪದದೊಳಗೇ ಕೂತಿದೆ ಎಂದು ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಮೊದಲ ಸಲ ಹೊಳೆಯಿತು.

ಆಮೇಲೆ ಪರೀಕ್ಷೆಗಳು. ರಕ್ತ, ಸಕ್ಕರೆ, ಥೈರಾಯ್ಡ್. ಬಾಯಿಯಿಂದ ಇಳಿಸಿದ ಕೊಳವೆ. ಬೆನ್ನು ನೆಟ್ಟಗೆ ಮಲಗದವನನ್ನು ದಿಂಬು ಒತ್ತರಿಸಿ ಮಲಗಿಸಿ ತೆಗೆದ ಸ್ಕ್ಯಾನು. ಎಲ್ಲದರ ಕೊನೆಯಲ್ಲೂ ನಾರ್ಮಲ್. ರೋಗಕ್ಕೆ ಒಂದು ಹೆಸರಿದ್ದಿದ್ದರೆ ಅದನ್ನು ಹಿಡಿದು ಬೈಯಬಹುದಿತ್ತು, ಹರಕೆ ಹೊರಬಹುದಿತ್ತು. ಹಳೆಯ ಕಾಯಿಲೆ ಹೀಗೆ ತೂಕ ತಿನ್ನುವುದುಂಟೇ ಎಂದರೆ ಇರಬಹುದು, ಮಾತ್ರೆಗಳಿಂದಲೇ ಎಂದರೆ ಅದೂ ಇರಬಹುದು, ಮೂರು ತಿಂಗಳು ಬಿಟ್ಟು ನೋಡೋಣ ಎಂದರು. ಮೂರು ತಿಂಗಳ ಮೇಲೆ ನೋಡಲು ಎಷ್ಟು ಮಿಕ್ಕಿರುತ್ತೇನೆ ಎಂದು ಕೇಳುವ ಧೈರ್ಯ ಬರಲಿಲ್ಲ. ನನಗೆ ಭಯವಾಗಿದೆ. ಇದನ್ನು ಚೆಂದ ಮಾಡಿ ಹೇಳುವ ವಿದ್ಯೆ ನನಗೆ ಗೊತ್ತಿಲ್ಲ.

ಕಾರಣ ಗೊತ್ತಿದ್ದದ್ದು ನನ್ನ ಅಕ್ಕನಿಗೆ ಮಾತ್ರ. ಟಿ. ನರಸೀಪುರದ ಆಚೆಗಿನ ಹಳ್ಳಿಗೆ ಕೊಟ್ಟ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ಹನ್ನೆರಡು ವರ್ಷದ ಹಿಂದೆ ನಾನು ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದಾಗ, ತಮ್ಮ ಎದ್ದು ನಡೆದರೆ ಅವನ ತೂಕದ ಬೆಲ್ಲ ನಂಜುಂಡನಿಗೆ ತುಲಾಭಾರ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ನಾನು ಎದ್ದೆ, ನಡೆದೆ. ಹರಕೆ ಮಾತ್ರ ಈ ವರ್ಷ ಮುಂದಿನ ವರ್ಷ ಎಂದು ಹಿಂದೆ ಬಿದ್ದಿತ್ತು. ನನ್ನನ್ನು ನೋಡಿದ ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. "ನಾವು ಕೊಡ್ನಿಲ್ಲ ಅಂತ ಅವ್ನೇ ಒಸಿ ಒಸಿ ತಕ್ಕತಾವ್ನೆ ಕಣ್ಲಾ. ಮೊದ್ಲು ಅರಕೆ ತೀರ್ಸುವ, ನಿಂತೋಯ್ತದೆ." ವೈದ್ಯಶಾಸ್ತ್ರ ಕೈಚೆಲ್ಲಿದ ಜಾಗದಲ್ಲಿ ನಿಂತ ಈ ವಿವರಣೆಯನ್ನು ನಾನು ಒಪ್ಪಿಕೊಂಡೆ.

ತಪ್ಪು ನಡೆದದ್ದು ಆಮೇಲೆ. ಹರಕೆ ಹೊತ್ತ ದಿನ ಆಸ್ಪತ್ರೆಯಲ್ಲಿ ನನ್ನ ತೂಕ ಎಪ್ಪತ್ತೆರಡು ಎಂದು ಹೇಳಿದ್ದನ್ನು ಅಕ್ಕ ಹನ್ನೆರಡು ವರ್ಷ ಮಂತ್ರದ ಹಾಗೆ ಜ್ಞಾಪಕವಿಟ್ಟುಕೊಂಡಿದ್ದಳು. ತನ್ನೂರಿನ ಆಲೆಮನೆಯಲ್ಲಿ ನಿಂತು ಎಪ್ಪತ್ತೆರಡು ಅಚ್ಚು ಹೊಯ್ಯಿಸಿ ಗಾಡಿಯಲ್ಲಿ ಹಾಕಿಕೊಂಡು ಬಂದಳು. ಗುಡಿಯ ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ ಪೇರಿಸಿದರು, ಇನ್ನೊಂದರಲ್ಲಿ ಬಗ್ಗಲಾಗದ ನನ್ನನ್ನು ಇಬ್ಬರು ಹಿಡಿದು ಕೂರಿಸಿದರು. ಸರಪಳಿ ಬಿಗಿಯಾಯಿತು, ಬೆಲ್ಲ ನೆಲಕ್ಕೆ ಕೂತಿತು, ನಾನು ಮೇಲಕ್ಕೆ ಹೋದೆ. ಬೆಳಗಿನ ಜನಸಂದಣಿಯ ನಡುವೆ, ಎಲ್ಲರ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಯಾರನ್ನೂ ತಿರುಗಿ ನೋಡಲಾಗದೆ ತೂಗಾಡುತ್ತಾ ಕೂತಿದ್ದೆ.

ಆಗ ತಟ್ಟೆ ಸ್ವಲ್ಪ ಕೆಳಗಿಳಿಯಿತು. ನನ್ನ ಕಣ್ಣು ಹೇಗೂ ಕೆಳಗೇ ಇರುವುದಲ್ಲವೆ, ಆದ್ದರಿಂದ ಕಂಡಿತು: ಅಕ್ಕ ಬೇರೆ ಕಡೆ ಮುಖ ಮಾಡಿ, ಸೆರಗಿನ ಮರೆಯಲ್ಲಿ, ನನ್ನ ತಟ್ಟೆಯ ಅಂಚನ್ನು ಅಂಗೈಯಿಂದ ಅದುಮುತ್ತಿದ್ದಳು. ತಕ್ಕಡಿಯ ಹತ್ತಿರ ನಿಂತಿದ್ದವನಿಗೂ ಕಂಡಿತು. "ಅವ್ವಾ, ಕೈ ತಗೀರಿ, ದೇವ್ರ ತಕ್ಡಿ ಅದು," ಎಂದ, ಮೆಲ್ಲಗೆ. ಅಕ್ಕ ಕೈ ತೆಗೆದಳು. ನಾನು ಮತ್ತೆ ಮೇಲಕ್ಕೆ ಹೋದೆ. ಆಮೇಲೆ ಅವರು ಎದುರಿನ ತಟ್ಟೆಯಿಂದ ಅಚ್ಚುಗಳನ್ನು ಒಂದೊಂದಾಗಿ ತೆಗೆದು ಕೆಳಗಿಡುತ್ತಾ ಹೋದರು. ಹದಿನೆಂಟನೆಯದು ತೆಗೆದ ಮೇಲೆ ಎರಡೂ ತಟ್ಟೆಗಳು ಸಮವಾಗಿ ನಿಂತವು. ಅಷ್ಟನ್ನೂ ದೇವರಿಗೇ ಬಿಟ್ಟುಬಿಡೋಣ ಎಂದೆ. ಅಕ್ಕ ಒಪ್ಪಲಿಲ್ಲ. "ಅವನ್ದು ಅವ್ನಿಗೆ ಕೊಟ್ಟಾಯ್ತು. ಮಿಕ್ಕಿದ್ದು ನಿಂದು ಕಣಪ್ಪಾ. ತಕ್ಕೊಂಡೋಗಿ ದಿನಾ ಒಸಿ ತಿನ್ನು, ತುಂಬ್ಕತೀಯೆ," ಎಂದು ತನ್ನ ಕೈಯಾರೆ ಚೀಲ ಕಟ್ಟಿದಳು.

ನಾನು ತಿನ್ನಲಿಲ್ಲ. ಸೋಮಾರಿತನವಲ್ಲ, ನಾಲಗೆ ಕೆಟ್ಟದ್ದೂ ಅಲ್ಲ. ಹದಿನೆಂಟೂ ಅಚ್ಚು ತಿಂದು ಮುಗಿಸಿದ ಮೇಲೂ ತೂಕ ಬರದೇಹೋದರೆ? ಕಟ್ಟಿಟ್ಟ ಚೀಲದಲ್ಲಿ ಒಂದು 'ಬರಬಹುದು' ಇನ್ನೂ ಉಳಿದಿತ್ತು, ಅದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ. ನಮ್ಮೂರಿನ ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರಿ ತನ್ನ ಹೆಸರು ಕಳೆದುಕೊಳ್ಳುತ್ತಾಳೆ, ನೀರನ್ನಲ್ಲ. ನನಗೆ ಹೆಸರು ಹಾಗೇ ಇದೆ, ಅದರ ಕೆಳಗೆ ಹರಿಯಬೇಕಾದದ್ದು ಎಲ್ಲಿ ಇಂಗುತ್ತಿದೆಯೋ ತಿಳಿಯುತ್ತಿಲ್ಲ. ಹರಕೆ ತೀರಿಸಿದ ಮೇಲೆ ಇನ್ನೂ ಎರಡು ಕೆ.ಜಿ. ಹೋಗಿದೆ. ಅಕ್ಕ ಫೋನ್ ಮಾಡಿ ಬೆಲ್ಲ ತಿನ್ನುತ್ತಿದ್ದೀಯಾ ಎಂದಾಗಲೆಲ್ಲ, ತಿಂತಾ ಇದ್ದೀನಿ ಕಣಕ್ಕ, ಅರ್ಧ ಆಯ್ತು, ಎನ್ನುತ್ತಿದ್ದೆ.

ಹೋದ ಸೋಮವಾರ ಅಕ್ಕ ಬರುತ್ತೇನೆಂದು ಹೇಳಿದಳು. ಅವಳ ಕಣ್ಣಿಗೆ ಬೀಳದಂತೆ ಚೀಲವನ್ನು ರೂಮಿಗೆ ಸಾಗಿಸೋಣವೆಂದು, ಹೆಂಡತಿ ಮಾರ್ಕೆಟ್ಟಿಗೆ ಹೋದ ಹೊತ್ತಿನಲ್ಲಿ ಅದರ ಕಿವಿ ಹಿಡಿದು ಎತ್ತಿದೆ. ಅಲುಗಲಿಲ್ಲ. ಎರಡನೆಯ ಸಲ ಬೆನ್ನಿನಿಂದ ಕಾಲಿನವರೆಗೆ ನೋವು ಮಿಂಚಿತು. ಒಂದು ವರ್ಷದ ಹಿಂದೆ ನಾನು ಯೋಚನೆಯೇ ಇಲ್ಲದೆ ಹೊತ್ತು ತಿರುಗುತ್ತಿದ್ದ ನನ್ನನ್ನು ಈಗ ನೆಲ ಬಿಟ್ಟು ಒಂದು ಅಂಗುಲ ಎತ್ತಲು ನನ್ನಿಂದ ಆಗಲಿಲ್ಲ. ಸಿಲಿಂಡರನ್ನು ಹಿಡಿದುಕೊಂಡು ನಿಂತಿದ್ದಾಗಲೇ ಅಕ್ಕ ಬಂದಳು.

ಅವಳು ಚೀಲ ನೋಡಿದಳು. ತಾನೇ ಹಾಕಿದ ಗಂಟು, ಹಾಗೇ ಇತ್ತು. ನನ್ನ ಮುಖ ನೋಡಿದಳು, ತೋಳು ನೋಡಿದಳು. ಬೈಯುತ್ತಾಳೆಂದುಕೊಂಡೆ.

"ಪರ್ವಾಗಿಲ್ವೆ, ಬೆಲ್ಲ ಅರ್ಧ ಕಮ್ಮಿಯಾಗ್ಯದೆ," ಎಂದಳು ಅಕ್ಕ.

ಆಮೇಲೆ ಕೂತು, ಹಲ್ಲಿನಿಂದ ಗಂಟು ಬಿಚ್ಚಿ, ಒಂದು ಅಚ್ಚು ತೆಗೆದು ಕುಟ್ಟಿ ಬೆಲ್ಲದ ಕಾಫಿ ಮಾಡಿದಳು. ಲೋಟ ಕೈಗೆ ಕೊಟ್ಟು, ಪೂರ್ತಿ ಕುಡಿಯುವವರೆಗೂ ನನ್ನ ಹಿಂದೆ, ನಾನು ತಿರುಗಿ ನೋಡಲಾರದ ಕಡೆ, ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು. ಕಾಫಿ ಸಿಹಿಯಾಗಿತ್ತು. ಆ ಕೈ ನನ್ನನ್ನು ಮೆಲ್ಲಗೆ ಕೆಳಕ್ಕೆ ಅದುಮುತ್ತಿತ್ತು.