ನನಗಿಂತ ಮೊದಲು ಗಡ್ಡೆಗೆ ಹೋದವಳು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥದ್ದನ್ನು ನಾನು ನಂಬಿದವಳಲ್ಲ. ನಿಮ್ಮಪ್ಪ ಚಿಕ್ಕವನಿದ್ದಾಗ ಹುಣಸೆ ಮರದ ಕಡೆ ಹೋಗಲು ಹೆದರಿದರೆ, ನಾನೇ ಅವನನ್ನು ಆ ಮರದ ಬುಡದಲ್ಲಿ ಕೂಡಿಸಿ ರೊಟ್ಟಿ ತಿನ್ನಿಸುತ್ತಿದ್ದೆ. ಅದು ಕಂಡೆ, ಇದು ಕೇಳಿದೆ ಎಂದು ಯಾರಾದರೂ ಹೇಳಿದರೆ ಸೆರಗು ಅಡ್ಡ ಹಿಡಿದು ನಕ್ಕದ್ದೂ ಉಂಟು. ಈಗ ಹೇಳುವ ಪಾಳಿ ನನ್ನದೇ ಬಂದಿದೆ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಮುಖ ತಗ್ಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಮೊಮ್ಮಕ್ಕಳೇ.

ನಿಮ್ಮ ತಾತ ಬೆಳೆದದ್ದು ಕೃಷ್ಣಾ ಹೊಳೆಯ ನಡುವಿನ ಒಂದು ಗಡ್ಡೆಯಲ್ಲಿ. ಈ ದಂಡೆಗೆ ಮಕ್ತಲ್ ಸೀಮೆ, ಆ ದಂಡೆಗೆ ರಾಯಚೂರು ಸೀಮೆ. ನಡುವೆ ಒಂದಿಷ್ಟು ಮನೆ, ಒಂದು ಗುಡಿ, ಶೇಂಗಾ ಬೆಳೆಯುವ ಮರಳು ಹೊಲ. ಹರಿಗೋಲಿಲ್ಲದೆ ಅಲ್ಲಿಗೆ ಹೋಗಲಾಗದು. ತಂದೆಯಿಲ್ಲದ ಮಗನನ್ನು ಕರೆದುಕೊಂಡು ನಮ್ಮ ಅತ್ತೆ ಅಲ್ಲಿ ತಮ್ಮನ ಮನೆಯಲ್ಲಿದ್ದರು. ಮಗ ದೊಡ್ಡವನಾಗಿ ನಾರಾಯಣಪೇಟೆಗೆ ಬಂದು ಮಗ್ಗ ಹಾಕಿದ ಮೇಲೂ ಅವರು ಗಡ್ಡೆ ಬಿಡಲಿಲ್ಲ. ನಮ್ಮ ಮದುವೆ ಮಕ್ತಲ್‌ನಲ್ಲಿ ಆಯಿತು. ನಾನು ಮಾತ್ರ ಗಂಡನ ಊರಿಗೆ ಹೋಗಲೇ ಇಲ್ಲ. ಬಾವಿಯನ್ನು ಬಗ್ಗಿ ನೋಡಲೂ ಅಂಜುವ ನನಗೆ, ಗಿರಗಿರ ತಿರುಗುವ ಬುಟ್ಟಿಯಲ್ಲಿ ಕೂತು ಹೊಳೆ ದಾಟುವುದನ್ನು ನೆನೆದರೇ ಕೈಕಾಲು ತಣ್ಣಗಾಗುತ್ತಿದ್ದವು.

ಅತ್ತೆಯೇ ವರ್ಷಕ್ಕೊಮ್ಮೆ ಶೇಂಗಾ ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಿದ್ದರು. "ಏ ಪ್ಯಾಟಿ ಸೊಸಿ, ನಮ್ಮ ಗಡ್ಡಿಗೆ ಯಾವಾಗ ಕಾಲಿಡಾಕಿ ನೀ?" ಎಂದು ಕೇಳುವರು. "ಬರೋ ವರ್ಷ ಅತ್ತಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಬೇಸರ ಮಾಡಿಕೊಂಡವರಲ್ಲ.

ಒಂದು ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂತು. ತಾತ ಅವಸರದಲ್ಲಿ ಹೊಳೆಯ ದಂಡೆಯವರೆಗೆ ಹೋಗಿ, ಸಂಜೆ ತೊಯ್ದ ಬಟ್ಟೆಯಲ್ಲಿ ಮರಳಿ ಬಂದರು. ಹೊಳೆ ತುಂಬಿತ್ತು. ಹರಿಗೋಲು ಹಾಕಲು ಯಾರೂ ಒಪ್ಪಲಿಲ್ಲವಂತೆ. ಅವರ ಹಿಂದೆಯೇ ನಾನೂ ಹೋಗಬೇಕೆಂದು ಸೀರೆ ಗಂಟು ಕಟ್ಟಿ ಇಟ್ಟಿದ್ದೆ. ಅದನ್ನು ಬಿಚ್ಚುವಾಗ ನನ್ನ ಜೀವ ಹಗುರಾಯಿತು. ಅವರು ಮಗ್ಗದ ಪಕ್ಕ ತಲೆ ಹಿಡಿದು ಕೂತಿದ್ದರು. ನಾನು ಒಳಗೆ ನಿಂತು ತುಂಬಿದ ಹೊಳೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಮರುದಿನ ನೂಲಿಗೆ ಹಾಕುವ ಗಂಜಿ ಇಳಿಸುವಾಗ ಪಾತ್ರೆ ಜಾರಿ ನನ್ನ ಎಡ ಮುಂಗೈ ಸುಟ್ಟಿತು. ಆ ವಾರದಲ್ಲೇ ಅತ್ತೆ ತೀರಿಕೊಂಡರು. ನೀರು ಇಳಿದ ಮೇಲೆ ತಾತ ಒಬ್ಬರೇ ಹೋಗಿ ಬಂದರು. ಅಷ್ಟರಲ್ಲಿ ಊರವರೇ ಮಣ್ಣು ಮಾಡಿ ಮುಗಿಸಿದ್ದರು. ಹೋಗಿ ಬಂದ ತಾತ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅದಾಗಿ ಎಷ್ಟೋ ವರ್ಷ ಕಳೆದು ತೆಲಂಗಾಣ ರಾಜ್ಯವಾಯಿತು. ಆ ಹೊತ್ತಿಗೆ ತಾತನಿಗೆ ಮೊಣಕಾಲು ನೋವು ಶುರುವಾಗಿತ್ತು. "ನನ್ನ ಕಾಲು ಆಡೋತನಕ ಒಮ್ಮೆ ನಮ್ಮೂರು ನೋಡ್ಬಾ" ಎಂದರು. ಇಲ್ಲ ಎನ್ನಲು ನನ್ನಲ್ಲಿ ನೆಪಗಳೂ ಉಳಿದಿರಲಿಲ್ಲ. ಮಕ್ತಲ್ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಇನ್ನೂ ಗುಲಾಲು ಬಿದ್ದಿತ್ತು. ಅಲ್ಲಿಂದ ದಂಡೆಗೆ ಹೋಗಿ, ಕಣ್ಣು ಮುಚ್ಚಿ ಹರಿಗೋಲಿನಲ್ಲಿ ಕೂತೆ. ಅಂಬಿಗ ನರಸಪ್ಪ ನನ್ನ ಹೆದರಿಕೆ ನೋಡಿ ಮಾತು ತೆಗೆದ. "ಆಂಧ್ರದಾಗ ಮಲಗಿದ್ವಿ, ತೆಲಂಗಾಣದಾಗ ಎದ್ವಿ. ಈ ಹರಿಗೋಲಿಗೆ ಮಾತ್ರ ಯಾರೂ ಹೇಳಿಲ್ಲ ನೋಡ್ರಿ, ಅದು ಹಳೇ ದಾರಿನ ಹಿಡದೈತಿ" ಎಂದ. ತಾತ ಜೋರಾಗಿ ನಕ್ಕರು.

ಆ ಗಡ್ಡೆಯಲ್ಲಿ ಒಂದು ಪದ್ಧತಿಯಿದೆ. ಮೊದಲ ಸಲ ಬರುವ ಸೊಸೆ ತಾನಾಗಿ ನೆಲಕ್ಕೆ ಕಾಲಿಡುವಂತಿಲ್ಲ. ಅವಳು ಹರಿಗೋಲಿನಲ್ಲಿ ಇರುವಾಗಲೇ ಮನೆಯ ಹೆಂಗಸರು ಬಂದು ಕಾಲಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಉಡಿ ತುಂಬಿ ಇಳಿಸಿಕೊಳ್ಳಬೇಕು. ಅತ್ತೆ ಅದನ್ನು ನನಗೆ ಎಷ್ಟೋ ಸಲ ಬಣ್ಣಿಸಿದ್ದರು. ಅತ್ತೆಯ ತಮ್ಮನ ಹೆಂಡತಿ ಬಸ್ಸಮ್ಮ ನಾಲ್ಕಾರು ಹೆಂಗಸರೊಂದಿಗೆ ದಂಡೆಯಲ್ಲಿ ನಿಂತಿದ್ದಳು. ನಾನು ಸೀರೆಯ ಅಂಚು ಚೂರು ಎತ್ತಿ, ಕಾಲು ಮುಂದೆ ಮಾಡಿ ಕೂತೆ. ಯಾರ ಕೈಯಲ್ಲೂ ಚೆಂಬಿರಲಿಲ್ಲ.

"ಇಳಿಯವ್ವ, ಯಾಕ ಕುಂತಿ?" ಎಂದಳು ಒಬ್ಬಳು.

"ನೀರು..." ಎಂದೆ.

"ಅಯ್ಯ, ಮದಿಮಗಳಂಗ ಕುಂತಾಳ ನೋಡ್ರೇ!" ಎಂದು ಎಲ್ಲರೂ ನಕ್ಕರು. ಬಸ್ಸಮ್ಮ ಕೈ ಚಾಚಿದಳು. "ಒಬ್ಬ ಸೊಸಿಗೆ ಎಷ್ಟು ಸಲ ಕಾಲು ತೊಳಿಯೂದು? ಅವಾಗ ಆ ಹೊಳಿನ ತೊಳದು ಕಳಿಸಿತ್ತಲ್ಲ ನಿನ್ನ. ಇಳಿ, ಇಳಿ."

ಹಳ್ಳಿಯವರ ಚೇಷ್ಟೆ ಎಂದುಕೊಂಡು ಇಳಿದೆ. ಮನೆಯ ಪಡಸಾಲೆಯಲ್ಲಿ ಕೂತಾಗ ಬಸ್ಸಮ್ಮ ನನ್ನ ಎಡಗೈ ಎಳೆದು ಬಳೆ ಮೇಲೆ ಸರಿಸಿದಳು. "ಕಲೆ ಉಳದ ಬಿಡ್ತು ನೋಡು. ಕೊಬ್ರಿ ಎಣ್ಣಿ ಹಚ್ಚಕೋ ಅಂದ್ರ ಕೇಳಲಿಲ್ಲ. ಮೊದಲ ಅತ್ತಿಗೆ ಗಂಜಿ ಕುಡಸ್ತೀನಿ ಅಂದಿ."

ಅದು ಯಾವಾಗ ಎಂದು ಕೇಳಿದೆ. ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೊಳೆ ತುಂಬಿದ್ದ ಆ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ತೊಯ್ದ ಸೀರೆಯಲ್ಲಿ ಅವರ ಬಾಗಿಲಿಗೆ ಬಂದೆನಂತೆ. ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತಂತೆ. ಅತ್ತೆ ಕಣ್ಣು ತೆರೆದು "ಪ್ಯಾಟಿ ಸೊಸಿ ಬಂದ್ಲು" ಎಂದರಂತೆ. ಅವರ ಬಟ್ಟೆ ಒಗೆದು, ತಲೆ ಬಾಚಿ, ಅವರನ್ನು ತೊಡೆಗೆ ಒರಗಿಸಿಕೊಂಡು ಗಂಜಿ ಕುಡಿಸಿದವಳು ನಾನು. ಕೊನೆಗೆ ಬಾಯಿಗೆ ನೀರು ಬಿಟ್ಟವಳೂ ನಾನೇ. ಮಣ್ಣಾದ ದಿನವೇ ಮಕ್ಕಳು ಕಾಯುತ್ತವೆ ಎಂದು ಹೊರಟುಬಿಟ್ಟೆನಂತೆ. ಬಸ್ಸಮ್ಮ ನಮ್ಮ ಮದುವೆಯಲ್ಲಿ ನನ್ನ ಪಕ್ಕವೇ ಓಡಾಡಿದವಳು, ನನ್ನ ಮುಖ ತಿಳಿಯದವಳಲ್ಲ.

ಊಟಕ್ಕೆ ಕೂತಿದ್ದ ನರಸಪ್ಪನನ್ನು ಕೇಳಿದೆ. "ನಾ ಅಂತೂ ದಾಟಿಸಿಲ್ಲವ್ವ. ರಾಯಚೂರ ದಂಡಿಯವ್ರು ದಾಟಿಸ್ಯಾರ ಅನ್ಕೊಂಡಿದ್ದೆ" ಎಂದ. ರಾಯಚೂರು ದಂಡೆಯವರು ಮಕ್ತಲ್ ದಂಡೆಯವರು ದಾಟಿಸಿದ್ದಾರೆ ಎಂದುಕೊಂಡಿದ್ದರಂತೆ.

"ನಾನಲ್ಲ, ನಾ ಬಂದಿಲ್ಲ" ಎಂದು ಬಸ್ಸಮ್ಮನಿಗೆ ಹೇಳಿದೆ.

"ಮಾಡಿದ್ದು ಹೇಳಕೊಳ್ಳಾಕಿ ಅಲ್ಲ ಬಿಡು ನೀ" ಎಂದು ಬಸ್ಸಮ್ಮ ತನ್ನ ಎಳೆ ಸೊಸೆಯ ಕಡೆ ತಿರುಗಿದಳು. "ನೋಡಿ ಕಲಿ. ನನಗ ನೆಗಡಿ ಬಂದ್ರ ನೀ ತವರಿಗೆ ಓಡ್ತಿ."

"ನೀವೂ ಅಕಿ ಅತ್ತಿಯಂಗ ನಕ್ಕೋತ ಇರ್ರಿ, ನಾನೂ ಇರ್ತೀನಿ" ಎಂದಳು ಆ ಹುಡುಗಿ. ಎಲ್ಲರೂ ನಕ್ಕರು. ಆಮೇಲೆ ಅವಳು ಬಂದು ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅದನ್ನೂ ಅವರು ನಾಚಿಕೆ ಎಂದೇ ತಿಳಿದರು. ನಾಚಿಕೆ ಹೌದು, ಅವರು ತಿಳಿದದ್ದಲ್ಲ. ಅಕ್ಕಪಕ್ಕದ ಮನೆಯವರೂ ಬಂದರು, ಮಕ್ಕಳಿಂದ ನಮಸ್ಕಾರ ಮಾಡಿಸಿದರು. ನನ್ನ ಮೈಯ ಮೇಲಿನ ಸೀರೆ ಕದ್ದು ತಂದದ್ದು ಎಂಬಂತೆ ಮುದುಡಿ ಕೂತೆ. ತಾತನ ಮುಖ ನೋಡಿದೆ. ಅವರು ತಲೆ ಎತ್ತದೆ ಶೇಂಗಾ ಸುಲಿಯುತ್ತಿದ್ದರು.

ಬಿಸಿಲು ಇಳಿಯುವಾಗ ಹೊರಟೆವು. ದಂಡೆಯವರೆಗಿನ ಮರಳು ದಾರಿಯಲ್ಲಿ ನಾವಿಬ್ಬರೇ ಇದ್ದೆವು.

"ನೋಡ್ರಿ, ಆ ದಿನದಾಗ ನಾ ಮನಿಯಾಗ ಇದ್ದೆ. ನಿಮಗ ರೊಟ್ಟಿ ಬಡದು ಹಾಕೀನಿ. ನಿಮಗ ಗೊತ್ತೈತಲ್ಲ?" ಎಂದೆ.

"ಗೊತ್ತೈತಿ."

"ಮತ್ತ ಇವ್ರು?"

"ಅವಾಗನ ಹೇಳಿದ್ರು, ನಾ ಮಣ್ಣು ನೋಡಾಕ ಬಂದಾಗ."

ನಾನು ಅಲ್ಲೇ ನಿಂತೆ. "ಇಷ್ಟು ವರ್ಷ ನನ್ನ ಯಾಕ ಕೇಳಲಿಲ್ಲರೀ?"

ಅವರು ಕುಂಟುತ್ತಾ ಸ್ವಲ್ಪ ಮುಂದೆ ಹೋಗಿ, ತಿರುಗಿ ನೋಡದೆ ಹೇಳಿದರು: "ಕೇಳಿದ್ರ ನೀ ಇಲ್ಲ ಅಂತಿದ್ದಿ."

ತಾಯಿ ತನ್ನವರಿಲ್ಲದೆ ಸಾಯಲಿಲ್ಲ ಎಂಬ ಒಂದೇ ಮಾತನ್ನು ಹಿಡಿದು ಅವರು ಅಷ್ಟು ವರ್ಷ ಬದುಕಿದ್ದರು. ಅದು ಆಗಲಾರದ್ದು ಎಂದು ತಿಳಿದೂ ಹಿಡಿದಿದ್ದರು. ಗಂಟು ಬಿಚ್ಚಿದ ದಿನ ನನ್ನ ಮನಸ್ಸು ಹೇಗಿತ್ತೆಂದು ಆಗಲೇ ಹೇಳಿಬಿಡಬೇಕು ಅನಿಸಿತು. ಹರಿಗೋಲು ಹತ್ತಲು ಅವರು ನನ್ನ ಹೆಗಲ ಮೇಲೆ ಭಾರ ಹಾಕಿದರು. ನಾನು ಅವರನ್ನು ಹಿಡಿದು ಹತ್ತಿಸಿದೆ. ಅವರು ತೀರಿಕೊಳ್ಳುವವರೆಗೂ ಅದನ್ನು ಹೇಳಲಿಲ್ಲ.

ಎಷ್ಟೋ ಯೋಚಿಸಿದ್ದೇನೆ. ನನ್ನ ಹೋಲಿಕೆಯ ಯಾರೋ ರಾಯಚೂರು ಕಡೆಯಿಂದ ಬಂದಿರಬಹುದು. ಒಲೆ ಮುಂದೆ ದುಡಿಯುವ ಹೆಂಗಸಿನ ಕೈ ಸುಡುವುದು ಹೊಸದಲ್ಲ. ಸಾಯುವ ಜೀವ ತನಗೆ ಬೇಕಾದವರನ್ನೇ ಕಾಣುತ್ತದೆ ಎನ್ನಬಹುದು. ಆದರೆ ಗುರುತು ಪರಿಚಯವಿಲ್ಲದವಳು ಆ ತುಂಬಿದ ಹೊಳೆಯನ್ನು ಯಾಕೆ ದಾಟಿದಳು, ಹೇಗೆ ದಾಟಿದಳು? ಇಲ್ಲಿಗೆ ಬಂದು ನನ್ನ ಯೋಚನೆ ನಿಲ್ಲುತ್ತದೆ. ಇಂದಿಗೂ ನಿಂತಿದೆ.

ಒಂದು ದಿನ ನೀವು ಗಡ್ಡೆಗೆ ಹೋಗುತ್ತೀರಿ. ನಿಮ್ಮ ಅಜ್ಜಿ ಎಂಥ ಸೊಸೆ ಎಂದು ಅಲ್ಲಿಯವರು ಹೊಗಳುತ್ತಾರೆ. ತಲೆಯಾಡಿಸಿ ಕೇಳಿರಿ. ಅಲ್ಲ ಎಂದರೆ ಅವರು ನಂಬುವುದಿಲ್ಲ, ನಾನು ಹೇಳಿ ನೋಡಿದ್ದೇನೆ. ಆದರೆ ಅವರ ಮಾತು ಕೇಳಿ ಮನಸ್ಸು ತುಂಬಿ ಕೈ ಮುಗಿಯಬೇಕೆನಿಸಿದರೆ ನನಗೆ ಮುಗಿಯಬೇಡಿ. ಅವಳು ಯಾರೋ ನನಗೆ ಗೊತ್ತಿಲ್ಲ, ಅವಳಿಗೇ ಮುಗಿಯಿರಿ.